ಎಡಗೈಯ ನಾಲ್ಕು ಬೆರಳು

ಸೊಸೆ ಬರಿಗೈಯಲ್ಲಿ ಕೆಂಡ ಎತ್ತಿದ್ದನ್ನು ಮುನಿಶಾಮಮ್ಮ ನೋಡಿದ್ದು ಒಂದು ಮಂಗಳವಾರ ಬೆಳಿಗ್ಗೆ, ಮುದ್ದೆಗೆ ಎಸರು ಕಾಯುತ್ತಿದ್ದ ಹೊತ್ತಿನಲ್ಲಿ. ಒಲೆಯಿಂದ ಹೊರಗೆ ಉರುಳಿದ ಕೆಂಡವನ್ನು ಗಂಗರತ್ನಮ್ಮ ಎಡಗೈಯ ಎರಡು ಬೆರಳಲ್ಲಿ ಹಿಡಿದು ಒಲೆಯೊಳಗೆ ಹಾಕಿದಳು. ಕೈ ಕೊಡವಲಿಲ್ಲ, ಬೆರಳನ್ನು ಬಾಯಿಗೆ ಇಟ್ಟುಕೊಳ್ಳಲಿಲ್ಲ. ಏನೂ ಆಗದವಳ ಹಾಗೆ ರಾಗಿಹಿಟ್ಟಿನ ಡಬ್ಬದ ಮುಚ್ಚಳ ತೆಗೆದಳು.

"ಸುಡಲಿಲ್ವೇನೇ?" ಎಂದಳು ಅತ್ತೆ.

"ಇಲ್ಲ ಅತ್ತೆ."

"ಕೆಂಡ ಕಣೇ ಅದು!"

"ಚೂರು ಬೆಚ್ಚಗಾಯ್ತು ಅಷ್ಟೆ."

ಮುನಿಶಾಮಮ್ಮ ಮತ್ತೆ ಮಾತಾಡಲಿಲ್ಲ. ಮಾತಾಡದೆ ಇರುವುದು ಅವಳ ಜಾಯಮಾನವಲ್ಲ. ಅವತ್ತು ಊಟಕ್ಕೆ ಕೂತಾಗ ಗಂಡ ಚನ್ನರಾಯಪ್ಪ ಸಾರಿಗೆ ಉಪ್ಪು ಸಾಲದೆಂದು ಎರಡು ಸಲ ಹೇಳಿದರೂ ಅವಳಿಗೆ ಕೇಳಿಸಲಿಲ್ಲ.

ಕೋಲಾರದ ಕೋಟೆಯ ಹಿಂದುಗಡೆ ಮೂರು ಎಮ್ಮೆ ಕಟ್ಟಿಕೊಂಡು, ಹದಿನೆಂಟು ಮನೆಗಳಿಗೆ ದಿನವೂ ವರ್ತನೆ ಹಾಲು ಹಾಕಿ ಬದುಕುತ್ತಿದ್ದ ಸಂಸಾರ ಅದು. ಮಧ್ಯಾಹ್ನ ಹಾಲು ಕರೆದಾದ ಮೇಲೆ ಚನ್ನರಾಯಪ್ಪ ಎಮ್ಮೆಗಳನ್ನು ಕೆರೆಯಂಗಳಕ್ಕೆ ಹೊಡೆದುಕೊಂಡು ಹೋಗುವನು. ಮುನಿಶಾಮಮ್ಮ ಹಾಲಿನ ತಪ್ಪಲೆ ಹೊತ್ತು ಮನೆಮನೆಗೆ ಹೊರಡುವಳು. ಅಳೆದುಕೊಡುವುದಕ್ಕೆ ಒಂದು ಗಳಿಗೆ ಸಾಕು, ಆದರೆ ಪ್ರತಿ ಮನೆಯ ಬಾಗಿಲಲ್ಲೂ ಅವಳಿಗೆ ಮಾತು ಬೇಕು. ಹಾಗಾಗಿ ದೀಪ ಹಚ್ಚುವ ತನಕ ಮನೆಯಲ್ಲಿ ಉಳಿಯುತ್ತಿದ್ದವರು ಮಗ ಕದಿರೇಶ ಮತ್ತು ಸೊಸೆ ಇಬ್ಬರೇ. ಇಷ್ಟು ದಿನವೂ ಎಲ್ಲ ನಡೆದದ್ದು ಆ ಹೊತ್ತಿನಲ್ಲಿ.

ಕದಿರೇಶ ಕೋದಂಡರಾಮಪ್ಪನ ಬ್ಯಾಂಡ್ ಸೆಟ್ಟಿನಲ್ಲಿ ಡ್ರಮ್ಮು ಬಾರಿಸಿಕೊಂಡಿದ್ದವನು. ಯುದ್ಧ ಬಂತು, ಬ್ಯಾಂಡಿನ ಕ್ಲಾರಿನೆಟ್ಟಿನವನು ಪಟಾಲಮ್ಮಿಗೆ ಸೇರಿ ಹೋದ. ಹಾಡು ಹಿಡಿದು ಮುಂದೆ ನಡೆಯುವ ವಾದ್ಯವೇ ಇಲ್ಲದಂತಾಯಿತು. ಕೋದಂಡರಾಮಪ್ಪ ಬೌರಿಂಗ್‌ಪೇಟೆಯ ಒಬ್ಬ ರೈಲ್ವೆ ದೊರೆಯ ಹತ್ತಿರ ಹಳೆಯ ಗಿಟಾರು ಕೊಂಡು ತಂದು, ಕದಿರೇಶನ ತೊಡೆಯ ಮೇಲೆ ಇಟ್ಟ. "ಆಷಾಢ ಕಳೆದು ಮೊದಲನೇ ಶನಿವಾರ ಚಿನ್ನದ ಗಣಿ ಕ್ಲಬ್ಬಲ್ಲಿ ದೊರೆಗಳ ಕುಣಿತ ಐತೆ. ಅವತ್ತು ಹಾಡಿನ ಮುಂದೆ ಹೋಗೋದು ಇದು, ನಾವೆಲ್ಲ ಇದರ ಹಿಂದೆ ಬರ್ತೀವಿ. ಕಲೀಲಿಲ್ಲ ಅಂದ್ರೆ ಡ್ರಮ್ಮೂ ಇಲ್ಲ ನಿಂಗೆ," ಎಂದ. ಭಾನುವಾರ ಭಾನುವಾರ ಗಣಿಯ ಊರಿಗಾಮಿನ ಒಬ್ಬ ಫೋರ್‌ಮನ್ ದೊರೆ ಪಾಠ ಹೇಳುವುದೆಂದು ಗೊತ್ತಾಯಿತು.

ಮುನಿಶಾಮಮ್ಮನಿಗೆ ಹಿಗ್ಗೋ ಹಿಗ್ಗು. ಮಗ ದೊರೆಗಳ ವಾದ್ಯ ಕಲಿಯುತ್ತಿದ್ದಾನೆಂದು ಹದಿನೆಂಟು ಮನೆಗಳಲ್ಲೂ ಹಾಲಿನ ಜೊತೆಗೆ ಅದನ್ನೂ ಹಂಚಿ ಬಂದಳು. ಪಾಪ, ಅವಳಿಗೇನು ಗೊತ್ತು? ಮಗನ ಕೈಯಲ್ಲಿ ತಾಳವಿತ್ತು, ಕಿವಿಯಲ್ಲಿ ಸ್ವರವಿರಲಿಲ್ಲ. ದೊರೆ ಹೇಳಿದ ಪಾಠ ರೈಲಿನಲ್ಲಿ ಬರುವಷ್ಟರಲ್ಲಿ ಅರ್ಧಕ್ಕರ್ಧ ಸೋರಿಹೋಗುತ್ತಿತ್ತು.

ಸ್ವರ ಇದ್ದದ್ದು ಗಂಗರತ್ನಮ್ಮನಿಗೆ. ಅವಳ ಅಪ್ಪ ಯಲ್ದೂರಿನ ವೆಂಕಟರಮಣಪ್ಪ ಭಜನೆ ಮನೆಯಲ್ಲಿ ಹಾರ್ಮೋನಿಯಂ ನುಡಿಸುವವರು. ಮದುವೆಯಾಗುವ ತನಕ ಅವಳು ಅಪ್ಪನ ಪಕ್ಕದಲ್ಲಿ ಕೂತು ಸರಿಗಮದ ಸರಳಿ ವರಸೆ ಬಾರಿಸಿದ್ದಳು.

"ಸ್ಕೇಲು ಅಂದ್ರೆ ಏನಂದ್ರು ದೊರೆ?" ಎಂದು ಮೊದಲ ವಾರ ಅವಳೇ ಕೇಳಿದ್ದಳು.

"ಎಂಟು ಶಬ್ದ. ಮೆಟ್ಟಿಲು ಹತ್ತಿದಂಗೆ ಹತ್ತೋದು, ಇಳಿಯೋದು. ತಂತಿ ಕೆಳಗೆ ಗೆರೆ ಹಾಕಿ ಮನೆ ಮಾಡವ್ರಲ್ಲ, ಒಂದೊಂದು ಮನೆಗೆ ಒಂದೊಂದು ಬೆರಳು. ಕೈ ಮಾತ್ರ ಜರುಗಬಾರದು."

"ಸರಳಿ ಅಲ್ವಾ ಅದು! ಆ ಇನ್ನೊಂದು?"

"ಆರ್ಪೆಜಿಯೋ. ಅದರಾಗೆ ಕೆಲವು ಬಿಟ್ಟು ಬಾರಿಸೋದು. ಯಾವ್ಯಾವುದು ಬಿಡೋದು ಅಂತ ಮರ್ತೋದೆ."

ಅವಳು ಗಿಟಾರನ್ನು ತೊಡೆಯ ಮೇಲೆ ಎಳೆದುಕೊಂಡು ಹುಡುಕಿದಳು. ಸ ಹಿಡಿದಳು, ರಿ ಬಿಟ್ಟಳು. ಗ ಹಿಡಿದಳು, ಮ ಬಿಟ್ಟಳು. ಸ, ಗ, ಪ, ಮೇಲಿನ ಸ. ನಾಲ್ಕೂ ಒಂದರ ಹಿಂದೊಂದು ಬಂದಾಗ ಅವಳ ಮೈ ಜುಮ್ಮೆಂದಿತು. ಆಮೇಲೆ ಇನ್ನೊಂದು ಗೊತ್ತಾಯಿತು. ಅದೇ ನಡೆಯನ್ನು ಎರಡು ಮನೆ ಮುಂದಕ್ಕೆ ಸರಿಸಿದರೆ ಶ್ರುತಿ ಬದಲಾಗುತ್ತದೆ, ಬೆರಳ ದಾರಿ ಬದಲಾಗುವುದಿಲ್ಲ. ಹಾರ್ಮೋನಿಯಮ್ಮಿನಲ್ಲಿ ಈ ಸುಖವಿಲ್ಲ. ಎರಡು ತಿಂಗಳಲ್ಲಿ ಅವಳು ದೊರೆ ಹೇಳಿದ್ದನ್ನೂ ಹೇಳದ್ದನ್ನೂ ಕಲಿತು, ಗಂಡನಿಗೆ ಒಂದೊಂದೇ ಬೆರಳು ಹಿಡಿದು ಕಲಿಸಿದಳು. ಸಾಲುಸಾಲು ಸ್ವರದಲ್ಲಿ ಓಡಿಬಂದು, ಹಿಂದೆ ಬರುವ ವಾದ್ಯಗಳು ಎಲ್ಲಿ ನಿಲ್ಲುತ್ತವೋ ಅಲ್ಲಿ, ಬಿಟ್ಟುಬಿಟ್ಟು ಹಿಡಿಯುವ ಆ ನಾಲ್ಕು ಸ್ವರಗಳಲ್ಲಿ ಒಂದರ ಮೇಲೆ ನಿಲ್ಲಬೇಕು ಎಂಬುದನ್ನು ಅವನ ತಲೆಗೆ ಇಳಿಸಲು ಅವಳಿಗೆ ಮೂರು ವಾರ ಬೇಕಾಯಿತು.

ಉಕ್ಕಿನ ತಂತಿ ಒತ್ತಿ ಒತ್ತಿ ಇಬ್ಬರ ಎಡಗೈಯ ನಾಲ್ಕು ಬೆರಳ ತುದಿಯೂ ಮೊದಲು ಬೊಬ್ಬೆ ಬಂದು, ಒಡೆದು, ಆಮೇಲೆ ದಡ್ಡುಗಟ್ಟಿತು. ಕದಿರೇಶನ ಕೈಯನ್ನು ಯಾರು ನೋಡುತ್ತಾರೆ? ಗಂಗರತ್ನಮ್ಮನದು ಹಾಗಲ್ಲ. ಸೊಸೆಯ ಕೈ ಇಡೀ ದಿನ ಅತ್ತೆಯ ಕಣ್ಣ ಮುಂದೆಯೇ ಇರುತ್ತದೆ.

ಗುರುವಾರ ಮುನಿಶಾಮಮ್ಮ ಬೊಂತೆ ಹೊಲಿಯಲು ಕೂತಳು. ಹಳೇ ಸೀರೆಗಳ ಪದರ ಹಿಡಿದುಕೊಳ್ಳಲು ಸೊಸೆಯನ್ನು ಕರೆದಳು.

"ಆ ಕರು ಹಗ್ಗ ಬಿಚ್ಕೊಂತೇನೋ ನೋಡೇ."

ಗಂಗರತ್ನಮ್ಮ ಕೊಟ್ಟಿಗೆಯ ಕಡೆ ತಿರುಗಿದಳು. ಅತ್ತೆ ಅವಳ ಎಡಗೈ ತೋರುಬೆರಳ ತುದಿಗೆ ಸೂಜಿ ಚುಚ್ಚಿದಳು. ಸೂಜಿ ಚರ್ಮದಲ್ಲಿ ನೆಟ್ಟಗೆ ನಿಂತಿತು. ಸೊಸೆ ಕರುವನ್ನೇ ನೋಡುತ್ತ, "ಬಿಚ್ಚಿಲ್ಲ ಅತ್ತೆ, ಕಟ್ಟೇ ಐತೆ," ಎಂದಳು.

ಮುನಿಶಾಮಮ್ಮನ ಬಾಯಿಂದ ತೆಲುಗು ಹೊರಟಿತು. ತೀರ ಹೆದರಿದಾಗ ಅವಳಿಗೆ ತವರಿನ ಮಾತೇ ಬರುವುದು. "ನೊಪ್ಪಿ ಲೇದಾ? ನೋವಾಗಲಿಲ್ವಾ? ದೇವುಡಾ!"

ಅವಳ ಅಕ್ಕ ಮುನಿಯಲ್ಲಮ್ಮನನ್ನು ಮುಳಬಾಗಿಲ ಕಡೆ ಕೊಟ್ಟಿತ್ತು. ಅವಳಿಗೂ ಹೀಗೆಯೇ ಶುರುವಾದದ್ದು. ಒಲೆಯ ಮುಂದೆ ಕೈ ಸುಟ್ಟದ್ದು ತಿಳಿಯಲಿಲ್ಲ, ಮುಳ್ಳು ಚುಚ್ಚಿದ್ದು ತಿಳಿಯಲಿಲ್ಲ. ವರ್ಷ ತುಂಬುವುದರೊಳಗೆ ದೊಡ್ಡ ರೋಗ, ಕುಷ್ಠ ಎಂದರು, ಹೊಲದಾಚೆ ಗುಡಿಸಲು ಹಾಕಿದರು, ಕಲ್ಲಿನ ಮೇಲೆ ಅನ್ನ ಇಟ್ಟು ದೂರದಿಂದ ಕೂಗಿ ಕರೆದರು. ಅವಳು ಸತ್ತಾಗ ತವರಿನಿಂದ ಒಬ್ಬರೂ ಹೋಗಲಿಲ್ಲ. ಮುನಿಶಾಮಮ್ಮನೂ ಹೋಗಲಿಲ್ಲ. ಇಪ್ಪತ್ತು ವರ್ಷವಾದರೂ ಆ ಸಂಕಟ ಅವಳಲ್ಲಿ ಹಸಿಯಾಗಿಯೇ ಇತ್ತು.

"ಇದು ರೋಗ ಅಲ್ಲ ಅತ್ತೆ," ಎಂದಳು ಗಂಗರತ್ನಮ್ಮ, ಬೆರಳಲ್ಲಿ ನಿಂತ ಸೂಜಿ ಕಂಡು ಅತ್ತೆಯ ಅನುಮಾನ ತಿಳಿದ ಕೂಡಲೇ. "ಗಿಟಾರು... ನಾನೂ ಗಿಟಾರು ಬಾರಿಸ್ತೀನಿ. ತಂತಿ ಒತ್ತಿ ಒತ್ತಿ ಹಿಂಗಾಗೈತೆ. ನಿಮ್ಮ ಮಗನ್ನ ಕೇಳಿ."

ಕದಿರೇಶ ಅದೇ ಆಗ ಹುಲ್ಲಿನ ಹೊರೆ ಇಳಿಸಿ ಒಳಗೆ ಬಂದಿದ್ದ.

"ಹೌದೇನೋ? ಇವಳು ಗಿಟಾರು ಬಾರಿಸ್ತಾಳಾ?"

ಅವನು ಹೆಂಡತಿಯ ಮುಖ ನೋಡಿದ, ಅಮ್ಮನ ಮುಖ ನೋಡಿದ. "ಬಾರಿಸೋದಾ?" ಎಂದು ನಕ್ಕ. "ಒಂದೊಂದು ದಿನ ಧೂಳು ಒರೆಸ್ತಾಳೆ."

ಆ ಮಾತು ಆಡಿದವನು ಕೆಟ್ಟವನೇನಲ್ಲ, ಹೇಡಿ. ಆದರೆ ಅವತ್ತು ಗಂಗರತ್ನಮ್ಮನಿಗೆ ಆ ಎರಡರ ನಡುವೆ ಏನೂ ವ್ಯತ್ಯಾಸ ಕಾಣಲಿಲ್ಲ.

ಸಂಜೆ ಮುನಿಶಾಮಮ್ಮನಿಗೂ ಗಂಡನಿಗೂ ಜಗಳವಾಯಿತು. "ಮಿಷನ್ ಆಸ್ಪತ್ರೇಲಿ ತೋರಿಸೋಣ," ಎಂದ ಚನ್ನರಾಯಪ್ಪ. "ಡಾಕ್ಟರಮ್ಮ ನೋಡಿ ಹೇಳ್ತಾಳೆ."

"ಆ ಬಾಗಿಲಲ್ಲಿ ಇವಳನ್ನ ಯಾರಾದ್ರೂ ಕಂಡ್ರೆ ಏನಾಗ್ತದೆ ಗೊತ್ತಾ? ಆ ಕೈಯಲ್ಲಿ ಕರೆದ ಹಾಲು ಹದಿನೆಂಟು ಮನೆ ಮಕ್ಕಳು ಕುಡಿದವ್ರೆ. ನಾಳೆಯಿಂದ ಒಂದು ಲೋಟ ತಗೊಳ್ಳಲ್ಲ."

"ಅದಕ್ಕೆ?"

"ಅದಕ್ಕೆ ಸುಮ್ನಿರಿ. ಎಲ್ಲ ನಾನು ನೋಡ್ಕೊಂತೀನಿ."

ನೋಡಿಕೊಂಡದ್ದು ಹೀಗೆ: ಮರುದಿನದಿಂದ ಸೊಸೆ ಕೊಟ್ಟಿಗೆಯ ಪಕ್ಕದ ಹುಲ್ಲಿನ ಕೋಣೆಯಲ್ಲಿ. ಒಂದು ಚಾಪೆ, ಒಂದು ಮಡಕೆ, ಒಂದು ಅಲ್ಯೂಮಿನಿಯಂ ತಟ್ಟೆ. ಮುದ್ದೆಯನ್ನು ಮೇಲಿಂದ ಹಾಕುವುದು. ಎಮ್ಮೆ ಮುಟ್ಟಕೂಡದು, ಒಲೆ ಮುಟ್ಟಕೂಡದು, ಬೀದಿಗೆ ಮುಖ ತೋರಿಸಕೂಡದು. ಎರಡು ಹೊತ್ತೂ ಹಾಲು ಕರೆಯುವುದು, ಸಗಣಿ ಬಾಚುವುದು, ಅಡುಗೆ, ನೀರು ಎಲ್ಲ ಮುನಿಶಾಮಮ್ಮನ ತಲೆಗೇ ಬಿತ್ತು. ಅವಳು ಗೊಣಗುತ್ತ ಮಾಡಿದಳು. ತಟ್ಟೆ ಇಟ್ಟು ಹೋಗುವಾಗ ಒಂದೊಂದು ದಿನ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು.

ಪಕ್ಕದ ಮನೆಯ ಆದಿಲಕ್ಷ್ಮಮ್ಮ ಹಾಲು ಅಳೆಸಿಕೊಳ್ಳುತ್ತ ಕೇಳಿದಳು. "ಏನ್ ಮುನಿಶಾಮಕ್ಕ, ನಿನ್ನ ಸೊಸೆ ಕಾಣಿಸ್ತಾ ಇಲ್ಲ?"

"ತವರಿಗೆ ಹೋಗವ್ಳೆ."

"ಹೌದಾ. ಏನೇ ಹೇಳು, ನಿನ್ನ ಮಗ ಮಾತ್ರ ಪರವಾಗಿಲ್ಲ ಕಣಕ್ಕ. ದಿನಾ ಮಧ್ಯಾಹ್ನ ಎಂಥಾ ಚೆನ್ನಾಗಿ ಬಾರಿಸ್ತಾನೆ! ಒಂದೊಂದು ಸಲ ನಿಲ್ಲಿಸಿ ತಪ್ಪು ತಪ್ಪು ಬಾರಿಸ್ತಾನೆ. ಆಮೇಲೆ ಮತ್ತೆ ಸರಿಯಾಗಿ."

ಮುನಿಶಾಮಮ್ಮನಿಗೆ ಅಷ್ಟು ದುಃಖದಲ್ಲೂ ಎದೆ ಉಬ್ಬಿತು.

ಸರಿಯಾಗಿ ಬಾರಿಸುತ್ತಿದ್ದದ್ದು ಹುಲ್ಲಿನ ಕೋಣೆಯಲ್ಲಿದ್ದವಳು, ತಪ್ಪು ಬಾರಿಸುತ್ತಿದ್ದದ್ದು ಅವಳ ಗಂಡ. ಅಮ್ಮ ತಪ್ಪಲೆ ಹೊತ್ತು ಬೀದಿಯ ತಿರುವು ದಾಟಿದ ಕೂಡಲೇ ಕದಿರೇಶ ಗಿಟಾರು ಎತ್ತಿಕೊಂಡು ಕೊಟ್ಟಿಗೆಗೆ ಬರುತ್ತಿದ್ದ. ಕ್ಲಬ್ಬಿನ ಹಾಡಿನ ಎರಡನೇ ಭಾಗ ಅವನ ಕೈಗೆ ಹತ್ತಿರಲಿಲ್ಲ. ಅಲ್ಲಿ ಹಿಂದಿನ ವಾದ್ಯಗಳು ಮೂರು ಸಲ ಶ್ರುತಿ ಬದಲಿಸುತ್ತವೆ. ಮೂರು ಸಲವೂ ಗಿಟಾರಿನವನು ಕೈ ಸರಿಸಿ ಹೊಸ ಮನೆಯಿಂದ ಆ ನಾಲ್ಕು ಸ್ವರ ಹಿಡಿಯಬೇಕು.

"ಅತ್ತೆಗೆ ಹೇಳಿದ್ರಾ?" ಎಂದು ಅವಳು ದಿನವೂ ಕೇಳುವಳು.

"ಕ್ಲಬ್ಬಿನ ಶನಿವಾರ ಒಂದು ಕಳೀಲಿ. ಈಗ ಹೇಳಿದ್ರೆ ಅಮ್ಮ ಊರಿಗೆಲ್ಲ ಹೇಳ್ತಾಳೆ. ಹೆಂಡ್ತಿ ಹತ್ರ ಪಾಠ ಹೇಳಿಸ್ಕೊಂತಾನೆ ಅಂತ ಬ್ಯಾಂಡಿನೋರೆಲ್ಲ ಸೇರಿ ನಂಗೆ ಸೀರೆ ಉಡಿಸ್ತಾರೆ."

"ನಾನಿಲ್ಲಿ ನಾಯಿ ಥರ ತಟ್ಟೇಲಿ ತಿಂತಾ ಇದ್ದೀನಿ."

"ಗೊತ್ತು ಕಣೇ. ಶನಿವಾರ ಆದ ಮೇಲೆ ನಾನೇ ಹೇಳ್ತೀನಿ. ಈಗ ಆ ಎರಡನೇ ಶ್ರುತಿಗೆ ಕೈ ಎಲ್ಲಿಗೆ ಹೋಗ್ಬೇಕು, ಅದನ್ನ ತೋರಿಸು."

ಅವಳು ತೋರಿಸುತ್ತಿದ್ದಳು. ಯಾಕೆ ತೋರಿಸುತ್ತಿದ್ದಳು ಎಂದು ಕೇಳಿದರೆ ಉತ್ತರ ಸುಲಭ. ಇಡೀ ದಿನ ಗೋಡೆ ನೋಡಿಕೊಂಡು ಕೂತವಳಿಗೆ ಗಿಟಾರು ಕೈಗೆ ಬರುತ್ತಿದ್ದದ್ದು ಅದೊಂದು ಹೊತ್ತು. ಅದನ್ನು ಬಿಡುವ ಶಕ್ತಿ ಅವಳಿಗಿರಲಿಲ್ಲ. ದಡ್ಡು ಹಾಗೇ ಉಳಿಯಿತು. ವಾರಕ್ಕೊಮ್ಮೆ ಅತ್ತೆ ಬಾಗಿಲಲ್ಲಿ ನಿಂತು ಉದ್ದನೆಯ ಕಡ್ಡಿಗೆ ಸೂಜಿ ಕಟ್ಟಿ ಚುಚ್ಚಿ ನೋಡುತ್ತಿದ್ದಳು. ನೋವಿಲ್ಲ. ಎರಡನೇ ವಾರವೂ ನೋವಿಲ್ಲ. ಮೂರನೇ ವಾರ ಅತ್ತೆ ಕಡ್ಡಿಯನ್ನು ಮುರಿದು ಒಲೆಗೆ ಹಾಕಿದಳು.

"ಬುಧವಾರ ಗಂಗುಲಪ್ಪನ ಬಂಡಿ ಹೇಳಿದ್ದೀನಿ," ಎಂದಳು ಊಟದ ಹೊತ್ತಿಗೆ. "ಯಲ್ದೂರಿಗೆ ಬಿಟ್ಟುಬರ್ಲಿ. ಇದ್ದಲು ಸುಟ್ಟು ಓಡೋ ಆ ಬಸ್ಸಲ್ಲಿ ಹತ್ತು ಜನರ ಮಧ್ಯೆ ಕಳಿಸೋಕೆ ಆಗಲ್ಲ."

"ವಾಪಸು ಯಾವಾಗ?" ಎಂದ ಚನ್ನರಾಯಪ್ಪ.

ಅವಳು ಅವನ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದಳು. ಕದಿರೇಶ ತಲೆ ಬಗ್ಗಿಸಿ ಮುದ್ದೆ ಮುರಿಯುತ್ತಿದ್ದ.

"ನೀನೇನಂತೀಯೋ?" ಅಪ್ಪ ಕೇಳಿದ. "ನಿನ್ನ ಹೆಂಡ್ತಿ ಕಣೋ ಅವಳು."

"ಅಮ್ಮ ಹೇಳಿದಂಗೆ," ಎಂದ ಕದಿರೇಶ.

ಬುಧವಾರ ಬೆಳಿಗ್ಗೆ ಬಂಡಿ ಹಿತ್ತಲ ಬಾಗಿಲಿಗೆ ಬಂತು. ಗಂಗರತ್ನಮ್ಮ ಗಂಟು ಹಿಡಿದು ಹೊರಗೆ ಬಂದಳು. ಮೂರು ವಾರದ ಮೇಲೆ ಕಂಡ ಬಿಸಿಲಿಗೆ ಕಣ್ಣು ಕುಕ್ಕಿತು. ಮಾವ ನೊಗಕ್ಕೆ ಒರಗಿ ನಿಂತಿದ್ದ. ಗಂಡ ಹಗ್ಗದ ತುಂಡೊಂದನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಇದ್ದ. ಅವನು ಈಗಲಾದರೂ ಬಾಯಿ ಬಿಡುತ್ತಾನೆಂದು ಅವಳು ಗಂಟು ಬಂಡಿಗೆ ಹಾಕುವವರೆಗೂ ಕಾದಳು. ಅವನು ಹಗ್ಗ ಸುತ್ತುತ್ತಲೇ ಇದ್ದ.

"ಅತ್ತೆ," ಎಂದಳು. "ಹೋಗೋ ಮುಂಚೆ ಒಂದು ಮಾತು. ನಿಮ್ಮ ಮಗನ ಎಡಗೈಗೂ ಒಂದು ಸಲ ಸೂಜಿ ಚುಚ್ಚಿ ನೋಡಿ."

"ಯಾಕೇ?"

"ಸುಮ್ನೆ ಚುಚ್ಚಿ."

ಕದಿರೇಶ ಕೈ ಹಿಂದಕ್ಕೆ ಎಳೆದುಕೊಂಡ. ಅದೇ ಅವನು ಮಾಡಿದ ತಪ್ಪು. ಮುನಿಶಾಮಮ್ಮ ಅವನ ಮಣಿಕಟ್ಟು ಹಿಡಿದು, ತಾಳಿಸರದಲ್ಲಿ ಸಿಕ್ಕಿಸಿದ್ದ ಪಿನ್ನು ಕಿತ್ತು ಬೆರಳ ತುದಿಗೆ ಒತ್ತಿದಳು. ಪಿನ್ನು ನಿಂತಿತು. ಅವನು ಕೂಗಲಿಲ್ಲ.

"ಅಯ್ಯೋ! ನನ್ನ ಮಗನಿಗೂ ಅಂಟಿಸಿಬಿಟ್ಲಲ್ಲೋ!" ಎಂದು ಅವಳು ಎದೆ ಬಡಿದುಕೊಂಡಳು. "ಇದ್ದೊಬ್ಬ ಮಗನ್ನೂ ತಿಂದ್ಲಲ್ಲೋ!"

"ಅಮ್ಮಾ, ಕೂಗಬೇಡ! ರೋಗ ಅಲ್ಲ ಇದು. ತಂತಿ ಒತ್ತಿ ಆಗಿರೋದು. ಗಿಟಾರಿನೋರಿಗೆಲ್ಲ ಆಗ್ತದೆ."

ಅವಳ ಕೂಗು ನಿಂತಿತು. "ನಿಂಗೆ ತಂತಿ. ಇವಳಿಗೆ?"

"ಇವಳಿಗೆ... ಹಾಲು ಕರೆದು ಕರೆದು ಆಗಿರಬೇಕು."

ಮುನಿಶಾಮಮ್ಮ ತನ್ನ ಎಡಗೈಯನ್ನು ಅವನ ಮುಖದ ಮುಂದೆ ಹಿಡಿದಳು. "ಮೂವತ್ತು ವರ್ಷದಿಂದ ಕರೀತಾ ಇದ್ದೀನಿ. ಮುಟ್ಟಿ ನೋಡು. ಎಲ್ಲೈತೋ ದಡ್ಡು?"

ಕದಿರೇಶ ಮುಟ್ಟಲಿಲ್ಲ. ಗಂಗರತ್ನಮ್ಮ ಯಾರನ್ನೂ ಕೇಳದೆ ಮೂರು ವಾರದಿಂದ ಕಾಲಿಡದ ಮನೆಯೊಳಗೆ ಹೋದಳು. ಗಿಟಾರು ತಂದು ಹಿತ್ತಲ ಕಟ್ಟೆಯ ಮೇಲೆ ಕೂತಳು. ಕ್ಲಬ್ಬಿನ ಹಾಡನ್ನು ಮೊದಲಿಂದ ಕೊನೆಯವರೆಗೆ ಬಾರಿಸಿದಳು. ಎರಡನೇ ಭಾಗದಲ್ಲಿ ಮೂರು ಸಲ ಕೈ ಸರಿಯಿತು, ಮೂರು ಸಲವೂ ಸ್ವರ ಹೋಗಿ ತನ್ನ ಜಾಗದಲ್ಲಿ ಕೂತಿತು. ಗಂಗುಲಪ್ಪ ಬೀಡಿ ಹಚ್ಚಲು ಗೀರಿದ ಕಡ್ಡಿ ಅವನ ಕೈಯಲ್ಲೇ ಉರಿದುಹೋಯಿತು. ಆದಿಲಕ್ಷ್ಮಮ್ಮ ಗೋಡೆಯ ಮೇಲಿಂದ ಇಣುಕಿ, "ಅಯ್ಯೋ, ದಿನಾ ಕೇಳ್ತಿದ್ದಿದ್ದು ಇದೇ ಅಲ್ವಾ? ಸೊಸೆ ತವರಿಂದ ಯಾವಾಗ ಬಂದ್ಲು?" ಎಂದಳು.

ಮುನಿಶಾಮಮ್ಮ ಮಗನ ಕಡೆ ತಿರುಗಿದಳು. ಅವಳ ದನಿ ಇಳಿದಿತ್ತು. "ಯಾವತ್ತಿಂದ?"

"ಮೂರು ತಿಂಗಳಾಗ್ತಾ ಬಂತು."

"ಇವಳನ್ನ ಹುಲ್ಲಿನ ಕೋಣೆಗೆ ಹಾಕಿದಾಗಲೂ ಗೊತ್ತಿತ್ತು."

ಅವನು ಕಟ್ಟೆಯ ಕಡೆ ಬೆನ್ನು ಹಾಕಿ ನಿಂತ.

"ಅಲ್ಲಿಗೇ ಹೋಗಿ ಪಾಠ ಹೇಳಿಸ್ಕೊಂಡು ಬರ್ತಿದ್ದೆ. ನಾನು ಮುಟ್ಟದೆ ದೂರದಿಂದ ಮುದ್ದೆ ಹಾಕ್ತಿದ್ದೆ, ನೀನು ಪಕ್ಕದಲ್ಲಿ ಕೂತು ಕಲಿತಿದ್ದೆ. ನಮ್ಮಕ್ಕನ ಹಂಗೇ ಇವಳೂ ಅಂತ ನಾನು ದಿನಾ ಸಾಯ್ತಾ ಇದ್ದೆ ಕಣೋ. ನೀನು ಎಲ್ಲ ನೋಡ್ಕೊಂಡು ಹೊಟ್ಟೆ ತುಂಬ ಉಣ್ತಾ ಇದ್ದೆಯಲ್ಲೋ!"

ಅವಳು ಕೈ ಎತ್ತಿದಳು. ಚನ್ನರಾಯಪ್ಪ ಹಿಡಿದುಕೊಂಡ. ಹಿಡಿಯದಿದ್ದರೂ ಅವಳು ಹೊಡೆಯುತ್ತಿರಲಿಲ್ಲವೇನೋ. ಕಟ್ಟೆಯ ಹತ್ತಿರ ಬಂದು ಸೊಸೆಯ ಎಡಗೈ ಹಿಡಿದುಕೊಂಡಳು. "ಒಳಗೆ ಬಾರೇ ತಾಯಿ. ತಪ್ಪಾಯ್ತು."

"ಬಂಡಿ ಹೂಡೈತೆ ಅತ್ತೆ," ಎಂದಳು ಗಂಗರತ್ನಮ್ಮ. ಕೈ ಬಿಡಿಸಿಕೊಳ್ಳಲಿಲ್ಲ. ಅತ್ತೆಯ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. "ನಾನು ಹೋಗ್ತೀನಿ. ಈ ಮನೇಲಿ ಈಗ ನಂಗೆ ಉಸಿರು ಕಟ್ಟುತ್ತೆ."

ಅತ್ತೆ ಬಲವಂತ ಮಾಡಲಿಲ್ಲ. ಒಳಗಿಂದ ತನ್ನ ಒಂದು ಸೀರೆ ತಂದು ಗಿಟಾರಿಗೆ ಸುತ್ತಿ, ಮಗುವನ್ನು ಮಲಗಿಸಿದ ಹಾಗೆ ಬಂಡಿಯ ಹುಲ್ಲಿನ ಮೇಲೆ ಮಲಗಿಸಿದಳು.

"ಅಮ್ಮಾ, ಗಿಟಾರು!" ಎಂದ ಕದಿರೇಶ. "ಶನಿವಾರ ಕ್ಲಬ್ಬು ಐತೆ. ಎರಡನೇ ಭಾಗ ಇನ್ನೂ ಬಂದಿಲ್ಲ ನಂಗೆ."

"ಯಲ್ದೂರಿಗೆ ಬಸ್ಸೈತೆ," ಎಂದಳು ಮುನಿಶಾಮಮ್ಮ. "ಹೋಗಿ ಕಲ್ತುಕೊಂಡು ಬಾ. ಕೊಟ್ಟಿಗೇಲಲ್ಲ. ಅವರಪ್ಪನ ಜಗುಲಿ ಮೇಲೆ, ಊರೆಲ್ಲ ನೋಡೋ ಹಂಗೆ."

ಗುರುವಾರ ಪೂರ್ತಿ ಅವನು ಮನೆಯಲ್ಲಿ ಶತಪಥ ಹಾಕಿದ. ಅಮ್ಮ ಅವನಿಗೆ ಬಡಿಸಿದಳು, ಮಾತಾಡಿಸಲಿಲ್ಲ. ಸಂಜೆ ಕೋದಂಡರಾಮಪ್ಪ ಬಂದು, "ಎಲ್ಲೋ ಗಿಟಾರು?" ಎಂದ. "ನನ್ನ ಹೆಂಡ್ತಿ ಹತ್ರ," ಎಂದ ಕದಿರೇಶ. ಯಾಕೆಂದು ಹೇಳದೆ ಕೊಟ್ಟಿಗೆಗೆ ಹೋದ.

ಶುಕ್ರವಾರ ಇದ್ದಲ ಬಸ್ಸು ಯಲ್ದೂರು ಮುಟ್ಟಿದಾಗ ಬಿಸಿಲೇರಿತ್ತು. ವೆಂಕಟರಮಣಪ್ಪನ ಜಗುಲಿಯ ಮೇಲೆ ಭಜನೆಯ ನಾಲ್ಕು ಜನ ಕೂತಿದ್ದರು. ಮಾವಿನ ತೋಟದಿಂದ ಬಂದ ಕೂಲಿ ಹೆಂಗಸರು ಬುಟ್ಟಿ ಇಳಿಸಿ ಬೇವಿನ ಮರದ ನೆರಳಲ್ಲಿ ನಿಂತಿದ್ದರು. ನಡುವೆ ಗಂಗರತ್ನಮ್ಮ, ತೊಡೆಯ ಮೇಲೆ ಗಿಟಾರು. ಗಂಡನನ್ನು ಕಂಡು ಅವಳು ಬಾರಿಸುವುದನ್ನು ನಿಲ್ಲಿಸಿದಳು. ಏಳಲಿಲ್ಲ.

"ಬನ್ನಿ ಅಳಿಯಂದ್ರೆ," ಎಂದರು ವೆಂಕಟರಮಣಪ್ಪ. ಮಗಳು ಎಲ್ಲ ಹೇಳಿರಬೇಕು, ಅವರ ಮಾತಿನಲ್ಲಿ ಉಪಚಾರವಿತ್ತು, ನಗುವಿರಲಿಲ್ಲ. "ಏನು ಬಂದಿದ್ದು?"

ಕದಿರೇಶ ಅಂಗಳದಲ್ಲೇ ನಿಂತ. ಅಷ್ಟು ಜನರ ಕಣ್ಣೂ ಅವನ ಮೇಲಿತ್ತು. ಬೆವರು ಒರೆಸಿಕೊಂಡ.

"ಪಾಠಕ್ಕೆ," ಎಂದ.

"ಯಾರಿಗೆ ಪಾಠ?"

"ನಂಗೆ ಮಾವ. ಇವಳೇ ನಂಗೆ ಕಲಿಸ್ತಿರೋದು. ಮೊದಲಿಂದಲೂ ಇವಳೇ." ಒಂದು ಹೆಜ್ಜೆ ಮುಂದೆ ಬಂದ. "ಮನೇಲಿ ಹೇಳಲಿಲ್ಲ ನಾನು. ಅವಳು ಹೇಳಿದಾಗಲೂ ಇಲ್ಲ ಅಂದೆ."

ಮರದ ಕೆಳಗೆ ಒಬ್ಬಳು ಕಿಸಕ್ಕನೆ ನಕ್ಕಳು. ಗಂಗರತ್ನಮ್ಮ ಪಕ್ಕಕ್ಕೆ ಸರಿದು ಜಗುಲಿಯ ಮೇಲೆ ಒಬ್ಬರು ಕೂರುವಷ್ಟು ಜಾಗ ಮಾಡಿ, ಗಿಟಾರನ್ನು ಚಾಚಿದಳು.

ಅವನು ಕೂತು ಹಾಡು ಎತ್ತಿಕೊಂಡ. ಮೊದಲನೇ ಭಾಗ ದಾಟಿತು. ಎರಡನೇ ಭಾಗದಲ್ಲಿ ಮೊದಲ ಸಲ ಕೈ ಸರಿಸಿದಾಗಲೇ ಬೆರಳು ಒಂದು ಮನೆ ಆಚೆ ಬಿತ್ತು. ಅಪಸ್ವರ ಅಂಗಳದ ತುದಿಯವರೆಗೂ ಕೇಳಿಸಿತು. ಅವನು ಅಲ್ಲಿಗೇ ನಿಲ್ಲಿಸಿ, ತಲೆ ಎತ್ತದೆ ಕಾದ.

"ತಪ್ಪು," ಎಂದಳು ಗಂಗರತ್ನಮ್ಮ, ಎಲ್ಲರಿಗೂ ಕೇಳುವಂತೆ. "ಮೊದಲಿಂದ ಬನ್ನಿ."